ಬೋಲ್ಟು ಸಡಿಲವಾಗದಿರಲು ಒಂದು ಹನಿ ನೀಲಿ

ಕಳೆದ ಕಾಫಿ ಕೊಯ್ಲಿನ ಸಮಯದಲ್ಲಿ ಒಂದು ಸಂಜೆ, ಕೆಲಸದವರನ್ನು ಮನೆಗೆ ಬಿಟ್ಟುಬರಲು ನಮ್ಮ ಹಳೆಯ ಜೀಪಿನಲ್ಲಿ ಹೊರಟಿದ್ದೆವು. ಒಳಗೆ ಎಂಟು ಮಂದಿ. ಇಳಿಜಾರು ತಲಪುವ ಮೊದಲೇ ಅಡಿಯಿಂದ ಕಟಕಟ ಸದ್ದು. ನಿಲ್ಲಿಸಿ ಬಗ್ಗಿ ನೋಡಿದರೆ, ಹಿಂದಿನ ಪ್ರೊಪೆಲ್ಲರ್ ಶಾಫ್ಟನ್ನು ಹ್ಯಾಂಡ್‌ಬ್ರೇಕಿನ ಡ್ರಮ್ಮಿಗೆ ಜೋಡಿಸುವ ನಾಲ್ಕು ಬೋಲ್ಟುಗಳಲ್ಲಿ ಎರಡು ಮಾಯ. ಮೂರನೆಯದು ಬೆರಳಲ್ಲೇ ತಿರುಗುತ್ತಿತ್ತು. ನಮ್ಮ ಜೀಪಿನ ಹ್ಯಾಂಡ್‌ಬ್ರೇಕ್ ಚಕ್ರವನ್ನಲ್ಲ, ಈ ಶಾಫ್ಟನ್ನೇ ಹಿಡಿಯುವಂಥದು. ಶಾಫ್ಟ್ ಕಳಚಿದ್ದರೆ ಎಂಜಿನ್ನಿನ ಹಿಡಿತವೂ ಇಲ್ಲ, ಹ್ಯಾಂಡ್‌ಬ್ರೇಕೂ ಇಲ್ಲ. ಎಲ್ಲರನ್ನೂ ಇಳಿಸಿ ನಡೆದೇ ಹೋದೆವು.

ಎರಡು ವಾರದ ಹಿಂದಷ್ಟೇ ಆ ಶಾಫ್ಟ್ ಬಿಚ್ಚಿ ಕಟ್ಟಿಸಿದ್ದೆವು. ಹಳೆಯ ಸ್ಪ್ರಿಂಗ್ ವಾಷರನ್ನೇ ಮತ್ತೆ ಹಾಕಿದ್ದರು, ನಾವೂ ಕೇಳಿರಲಿಲ್ಲ. ಹೊಸದು ಹಾಕಿದ್ದರೂ ಹೆಚ್ಚು ಫಲವಿರುತ್ತಿತ್ತೇ ಎಂಬುದು ಅನುಮಾನ. ಅಡ್ಡಡ್ಡ ನಡುಗುವ ಜೋಡಣೆಯಲ್ಲಿ ಥ್ರೆಡ್ಡುಗಳು ಒಂದರ ಮೇಲೊಂದು ಜಾರಿ ನಟ್ಟು ತಾನಾಗಿ ಬಿಚ್ಚಿಕೊಳ್ಳುತ್ತದೆಂದು ಜರ್ಮನಿಯ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್ 1969ರಲ್ಲೇ ತೋರಿಸಿದ್ದರು. ನಮ್ಮ ತೋಟದ ರಸ್ತೆಗಳಲ್ಲಿ ನಡುಗುವಿಕೆಗೆ ಬರಗಾಲವಿಲ್ಲ!

ಇದಕ್ಕೆ ಇರುವ ಮದ್ದು ಥ್ರೆಡ್‌ಲಾಕರ್ ಎಂಬ ದ್ರವ. ಇದನ್ನು ಬಾಟಲಿಯಲ್ಲಿ ಇಡಬಹುದಾದ ರೂಪಕ್ಕೆ 1953ರಲ್ಲಿ ತಂದವರು ಅಮೆರಿಕದ ಹಾರ್ಟ್‌ಫರ್ಡ್‌ನ ಟ್ರಿನಿಟಿ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕ ವರ್ನನ್ ಕ್ರೀಬಲ್. ಲಾಕ್‌ಟೈಟ್ ಅವರದೇ ಸೃಷ್ಟಿ. ಇದರ ಗುಣ ವಿಚಿತ್ರ. ಗಾಳಿ ಇರುವವರೆಗೆ ನೀರಾಗಿರುತ್ತದೆ. ಗಾಳಿ ಸಿಗದ ಕಡೆ, ಲೋಹ ತಾಗಿದಾಗ ಗಟ್ಟಿಯಾಗುತ್ತದೆ. ಬಾಟಲಿಯನ್ನು ಪೂರ್ತಿ ತುಂಬಿಸದಿರುವುದು ಇದಕ್ಕಾಗಿಯೇ. ಅರ್ಧ ಖಾಲಿ ಕೊಟ್ಟಿರೆಂದು ನಮ್ಮ ಮಳಿಗೆಗೆ ಜಗಳಕ್ಕೆ ಬಂದ ಸದಸ್ಯರು ದಯವಿಟ್ಟು ಗಮನಿಸಬೇಕು.

ಬಣ್ಣದ ವಿಷಯದಲ್ಲಿ ನಾವೇ ಎಡವಿದೆವು. ಸಾಮಾನ್ಯವಾಗಿ ನೇರಳೆ ಸಣ್ಣ ಸ್ಕ್ರೂಗಳಿಗೆ, ನೀಲಿ ಮಧ್ಯಮ ಬಲದ್ದು, ಕೆಂಪು ಬಿಚ್ಚಬೇಕಿಲ್ಲದ ಜೋಡಣೆಗೆ. ತಯಾರಕರು ಬೇರೆಯಾದರೆ ಬಣ್ಣವೂ ಬದಲಾಗಬಹುದು, ಲೇಬಲ್ ಓದಿಕೊಳ್ಳಿ. ಶಾಫ್ಟಿನ ಹೆದರಿಕೆಯಲ್ಲಿ ನಾವು ಕೆಂಪನ್ನೇ ತಂದು ಕಂಡಕಂಡ ಬೋಲ್ಟಿಗೆಲ್ಲ ಹಾಕಿದೆವು. ಆರು ತಿಂಗಳಿಗೆ ಡೈನಮೋ ಬಿಚ್ಚಬೇಕಾಗಿ ಬಂತು. ಬೋಲ್ಟಿನ ತಲೆ ಮುರಿದು ಕೈಗೆ ಬಂತು, ಉಳಿದದ್ದನ್ನು ಡ್ರಿಲ್ ಹಾಕಿ ತೆಗೆಸಬೇಕಾಯಿತು. ಕೆಂಪು ಸಡಿಲಬೇಕಾದರೆ ಸುಮಾರು 250 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಬಿಸಿ ಇರುವಾಗಲೇ ತಿರುಗಿಸಬೇಕು. ಪೆಟ್ರೋಲ್ ಪೈಪಿನ ಪಕ್ಕದಲ್ಲಿ ಗ್ಯಾಸಿನ ಬೆಂಕಿ ಹಿಡಿಯುವ ಧೈರ್ಯ ನಮಗಂತೂ ಇಲ್ಲ. ನೀಲಿಯಾದರೆ ಸ್ಪ್ಯಾನರಿಗೆ ಬಗ್ಗುತ್ತದೆ. ಜೀಪಿಗಾಗಲಿ, ಪವರ್ ಸ್ಪ್ರೇಯರಿಗಾಗಲಿ, ಕಳೆ ಕೊಚ್ಚುವ ಯಂತ್ರಕ್ಕಾಗಲಿ ಹೆಚ್ಚಿನ ಕಡೆ ಅದೇ ಸಾಕು.

ಹಾಕುವ ಮೊದಲು ಬೋಲ್ಟನ್ನೂ ನಟ್ಟನ್ನೂ ತಂತಿ ಬ್ರಷ್ಷಿನಿಂದ ಉಜ್ಜಿ, ಎಣ್ಣೆ ಜಿಡ್ಡು ಹೋಗುವಂತೆ ಒರೆಸಿ ಒಣಗಿಸಬೇಕು. ಹಳೆಯ ಅಂಟಿನ ಪುಡಿ ಉಳಿಯಬಾರದು. ನಟ್ಟು ಕೂರುವ ಜಾಗದ ಥ್ರೆಡ್ಡಿಗೆ ಒಂದೆರಡು ಹನಿ ಸಾಕು. ಆಚೆ ಬಾಯಿ ಇಲ್ಲದ ಕುರುಡು ತೂತಾದರೆ ಹನಿಯನ್ನು ತೂತಿನೊಳಗಿನ ಥ್ರೆಡ್ಡಿಗೆ ಬಿಡಿ. ಬೋಲ್ಟಿಗೆ ಹಚ್ಚಿದರೆ ಒಳಗಿನ ಗಾಳಿ ದ್ರವವನ್ನು ಹೊರಕ್ಕೆ ತಳ್ಳುತ್ತದೆ. ಬಿಗಿಯುವುದನ್ನು ಎಂದಿನಂತೆ ಪೂರ್ತಿ ಬಿಗಿಯಬೇಕು. ದ್ರವ ಇದೆಯೆಂದು ಅರ್ಧ ಬಿಗಿದವರನ್ನು ನೋಡಿದ್ದೇವೆ. ಪೂರ್ಣ ಬಲ ಬರಲು ಸುಮಾರು 24 ಗಂಟೆ ಬೇಕು, ಮಳೆಗಾಲದ ಚಳಿಯಲ್ಲಿ ಇನ್ನೂ ನಿಧಾನ. ಸ್ಟೇನ್‌ಲೆಸ್ ಬೋಲ್ಟಿನಲ್ಲೂ ಹಾಗೆಯೇ.

ಚಕ್ರದ ನಟ್ಟಿಗೆ ಮಾತ್ರ ಬೇಡ. ದಾರಿಯಲ್ಲಿ ಪಂಕ್ಚರ್ ಆದಾಗ ಬಿಚ್ಚಬೇಕಾದವರು ನೀವೇ. ಸಾಮಾನ್ಯ ದ್ರವ ಸುಮಾರು 150 ಡಿಗ್ರಿಯಾಚೆ ಬಲ ಕಳೆದುಕೊಳ್ಳುವುದರಿಂದ ಸೈಲೆನ್ಸರಿನ ಬೋಲ್ಟಿಗೂ ಬೇಡ. ಕೆಲವು ಬಗೆಯ ಪ್ಲಾಸ್ಟಿಕ್ ಇದರಿಂದ ಬಿರುಕು ಬಿಡುತ್ತದೆ. ಕೈಗೆ ತಾಗಿದರೆ ಸಾಬೂನಿನಿಂದ ತೊಳೆಯಿರಿ, ಕೆಲವರಿಗೆ ತುರಿಕೆ ಬರುತ್ತದೆ.

ಸಂಘದ ಮಳಿಗೆಯಲ್ಲಿ ಈಗ ನೀಲಿಯನ್ನು ಮಾತ್ರ ಇಟ್ಟಿದ್ದೇವೆ. ಕೆಂಪು ಬೇಕೆನ್ನುವವರು ಯಾವ ಬೋಲ್ಟಿಗೆಂದು ಹೇಳಿದರೆ ತರಿಸಿಕೊಡುತ್ತೇವೆ.