ಗೇಮ್ ತಡವರಿಸುವುದೇಕೆ?

ಪ್ರಶ್ನೆ: ಡೆಸ್ಕ್‌ಟಾಪ್‌ನಲ್ಲಿ ಗೇಮ್ ಆಗಾಗ ತಡವರಿಸುತ್ತದೆ. ಪ್ರೊಸೆಸರ್ ಸೆಟ್ಟಿಂಗ್ ಬದಲಿಸಿದರೆ ಸರಿಹೋದೀತೆ? (ಓದುಗರು, ಹೊಸೂರು)

ಉತ್ತರ: ಕಾರಣ ಪ್ರೊಸೆಸರ್‌ನ ಬಿಸಿಯಾಗಿದ್ದರೆ ಸರಿಹೋಗಬಹುದು. ಸೆಕೆಂಡಿಗೆ 60 ಫ್ರೇಮ್ ಬರಬೇಕಾದರೆ ಒಂದೊಂದಕ್ಕೂ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ನಡುವೆ ಒಂದು ಫ್ರೇಮ್ 50 ತೆಗೆದುಕೊಂಡರೆ, ಸರಾಸರಿ ಚೆನ್ನಾಗಿದ್ದರೂ ಆಟ ಎಡವುತ್ತದೆ. ಬಿಸಿಯಿಂದ ಹೀಗಾಗುವುದುಂಟು: ಮೂಲ ವೇಗವನ್ನು ಮೀರಿ ಟರ್ಬೊ ವೇಗಕ್ಕೇರಿದ ಪ್ರೊಸೆಸರ್ 100 ಡಿಗ್ರಿ ಸಮೀಪಿಸಿದಾಗ ತನ್ನ ರಕ್ಷಣೆಗಾಗಿ ವೇಗ ತಗ್ಗಿಸುತ್ತದೆ, ತಣಿದೊಡನೆ ಮತ್ತೆ ಏರಿಸುತ್ತದೆ. ಈ ಏರಿಳಿತವೇ ತಡವರಿಕೆ. ಮೊದಲು ಫ್ಯಾನಿನ ಧೂಳು ತೆಗೆಯಿರಿ. ಆಮೇಲೆ ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ ಶೇ. 100ರಿಂದ 99ಕ್ಕೆ ಇಳಿಸಿದರೆ ಸಾಮಾನ್ಯವಾಗಿ ಟರ್ಬೊ ನಿಲ್ಲುತ್ತದೆ. ವೇಗ ಕಡಿಮೆಯಾಗದೇ ಎಂದರೆ, ಆಗುತ್ತದೆ. ಆದರೆ ಒಂದೇ ಸಮನಾದ ವೇಗ ಆಟಕ್ಕೆ ಹೆಚ್ಚು ಹಿತ. ಇಷ್ಟಾದರೂ ತಡವರಿಸಿದರೆ ದೋಷ ರ‍್ಯಾಮ್ ಅಥವಾ ಡಿಸ್ಕ್‌ನದಿರಬಹುದು. ಆಗ ಸೆಟ್ಟಿಂಗನ್ನು 100ಕ್ಕೇ ಮರಳಿಸಿ.