ಆಟೊಮ್ಯಾಟಿಕ್ ಕಾರಿನ ಗೇರ್ ನಿಯಂತ್ರಕ: ಬದಲಿಸುವ ಮುನ್ನ, ಬದಲಿಸಿದ ಮೇಲೆ

ಆಟೊಮ್ಯಾಟಿಕ್ ಕಾರಿನಲ್ಲಿ ಯಾವ ಗೇರ್ ಯಾವ ಕ್ಷಣದಲ್ಲಿ ಬೀಳಬೇಕೆಂಬುದನ್ನು ನಿರ್ಧರಿಸುವುದು ಟ್ರಾನ್ಸ್‌ಮಿಷನ್ ಕಂಟ್ರೋಲ್ ಮಾಡ್ಯೂಲ್, ಅಂದರೆ ಟಿಸಿಎಂ ಎಂಬ ಪುಟ್ಟ ಕಂಪ್ಯೂಟರ್. ಅದು ಕಾರಿನ ವೇಗ, ಆಕ್ಸಿಲರೇಟರ್ ಒತ್ತಿದ ಪ್ರಮಾಣ ಹಾಗೂ ಗೇರ್ ಆಯಿಲ್‌ನ ಉಷ್ಣತೆಯನ್ನು ಸೆನ್ಸಾರ್‌ಗಳಿಂದ ಅರಿತು, ಆಯಿಲ್‌ನ ಒತ್ತಡವನ್ನು ನಿಯಂತ್ರಿಸುವ ಸೊಲೆನಾಯ್ಡ್ ಎಂಬ ವಿದ್ಯುತ್ ಕವಾಟಗಳಿಗೆ ಆಜ್ಞೆ ನೀಡುತ್ತದೆ.

ಅದು ಕೆಟ್ಟಾಗ ಗೇರ್‌ಬಾಕ್ಸ್ ಸಾಮಾನ್ಯವಾಗಿ ಲಿಂಪ್ ಮೋಡ್‌ಗೆ, ಎಂದರೆ ಹೆಚ್ಚಿನ ಹಾನಿಯಾಗದಂತೆ ಒಂದೇ ಗೇರ್‌ನಲ್ಲಿ ಉಳಿಯುವ ಸ್ಥಿತಿಗೆ ಹೋಗುತ್ತದೆ. ಬಿಡದಿ, ರಾಮನಗರ, ಚನ್ನಪಟ್ಟಣಗಳನ್ನು ಬಳಸಿ ಸಾಗುವ ಮೈಸೂರು ಹೆದ್ದಾರಿಯ ವೇಗದಲ್ಲಿ ಇದು ನಿಜಕ್ಕೂ ಅಪಾಯಕಾರಿಯಾದ್ದರಿಂದ, ಮೊದಲು ಸಿಗುವ ದಾರಿಯಲ್ಲಿ ಸರ್ವಿಸ್ ರಸ್ತೆಗೆ ಇಳಿಯುವುದೇ ಕ್ಷೇಮ.

ಆದರೆ ಲಿಂಪ್ ಮೋಡ್ ಕಂಡ ಮಾತ್ರಕ್ಕೆ ದುಬಾರಿ ಮಾಡ್ಯೂಲನ್ನೇ ಬದಲಿಸುವುದು ಆತುರದ ನಿರ್ಣಯ. ಸ್ಕ್ಯಾನರ್ ತೋರಿಸುವ ಪಿ0700 ಎಂಬ ಸಂಕೇತವು ಗೇರ್ ವ್ಯವಸ್ಥೆಯಲ್ಲಿ ದೋಷವಿದೆ ಎಂದಷ್ಟೇ ಹೇಳುತ್ತದೆ, ದೋಷ ಎಲ್ಲಿದೆ ಎಂಬುದನ್ನಲ್ಲ. ಯು0101 ಎಂಬುದು ಟಿಸಿಎಂ ಜೊತೆಗಿನ ಸಂಪರ್ಕ ಕಡಿದಿರುವುದನ್ನು ಸೂಚಿಸಿದರೂ, ಅದಕ್ಕೆ ಕಾರಣ ಫ್ಯೂಸ್, ಅರ್ಥಿಂಗ್ ಅಥವಾ ಸವೆದ ವೈರ್ ಆಗಿರಬಹುದು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಇದೇ ಹೆದ್ದಾರಿ ಮಳೆಯಿಂದ ಜಲಾವೃತವಾಗಿ ವಾಹನಗಳು ಸಿಲುಕಿದ್ದವು. ಹಾಗೆ ನೀರು ಹೊಕ್ಕ ಕಾರಿನ ಕನೆಕ್ಟರ್ ಪಿನ್ನುಗಳಿಗೆ ಕಿಲುಬು ಹಿಡಿದು, ತಿಂಗಳುಗಳ ನಂತರವೂ ತೊಂದರೆ ತಲೆದೋರಬಹುದು.

ಬದಲಿಸಲೇಬೇಕಾದಾಗ, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಪಾರ್ಟ್ ನಂಬರ್ ಹೊಂದುವ ಮಾಡ್ಯೂಲನ್ನೇ ಕೂರಿಸಬೇಕು. ಬಹುತೇಕ ಕಾರುಗಳಲ್ಲಿ ಹೊಸ ಮಾಡ್ಯೂಲಿಗೆ ಆ ಕಾರಿನ ಸಾಫ್ಟ್‌ವೇರ್ ಮತ್ತು ಚಾಸಿಸ್ ಸಂಖ್ಯೆಯನ್ನು ತುಂಬಿ, ಕ್ಲಚ್ ಹಿಡಿಯುವ ಒತ್ತಡವನ್ನು ಅದಕ್ಕೆ ಕಲಿಸುವ ಅಡಾಪ್ಟೇಷನ್ ಎಂಬ ಕ್ರಮವನ್ನೂ ನಡೆಸಬೇಕಾಗುತ್ತದೆ. ಆದುದರಿಂದ ಕನಕಪುರದಲ್ಲಾಗಲಿ ಮಾಗಡಿಯಲ್ಲಾಗಲಿ, ಕಾರನ್ನು ಬಿಚ್ಚಲು ಒಪ್ಪಿಸುವ ಮೊದಲೇ ಆ ಗ್ಯಾರೇಜಿನಲ್ಲಿ ಪ್ರೋಗ್ರಾಮಿಂಗ್ ಉಪಕರಣ ಇದೆಯೇ ಎಂದು ಮಾಲೀಕರು ವಿಚಾರಿಸಿಕೊಳ್ಳಬೇಕು.