‘ಎಕ್ಮೊ ಹಚ್ಚಿದ್ರ ಮನಷ್ಯಾ ಉಳಿತಾನೇನ್ರಿ?’

ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ರೋಗಿಯ ಸ್ಥಿತಿ ಕೈಮೀರಿದರೆ ಆಂಬ್ಯುಲೆನ್ಸ್ ಸಾಮಾನ್ಯವಾಗಿ ಬೆಳಗಾವಿಯ ದಾರಿ ಹಿಡಿಯುತ್ತದೆ. ಕಿತ್ತೂರಿನವರಿಗೆ ಧಾರವಾಡ, ಹುಬ್ಬಳ್ಳಿಯೂ ಹತ್ತಿರ. ದೊಡ್ಡಾಸ್ಪತ್ರೆಯ ಡಾಕ್ಟರು ‘ವೆಂಟಿಲೇಟರ್ ಸಾಲುತ್ತಿಲ್ಲ, ಎಕ್ಮೊ ಬೇಕಾಗಬಹುದು’ ಎಂದರೆ ಮನೆಯವರು ಮೊದಲು ಕೇಳುವುದು ಮೇಲಿನ ಪ್ರಶ್ನೆಯನ್ನೇ.

ನಮ್ಮಲ್ಲಿ ಹಲವರಿಗೆ ಈ ಯಂತ್ರದ ಹೆಸರು ಪರಿಚಯವಾದದ್ದು ಎರಡು ಸಾವಿನ ಸುದ್ದಿಗಳಲ್ಲಿ: 2016ರ ಡಿಸೆಂಬರಿನಲ್ಲಿ ಜಯಲಲಿತಾ, 2020ರ ಸೆಪ್ಟೆಂಬರಿನಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ. ಹಾಗಾಗಿ ಎಕ್ಮೊ ಎಂದರೆ ಕೊನೆಯೇ ಎಂಬ ಭಯ. ಅಂಕಿಗಳು ಹೇಳುವುದು ಬೇರೆ.

ಎಕ್ಮೊ ಹಚ್ಚುವಾಗ ತೊಡೆಸಂದಿಯ ಅಥವಾ ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ಕೊಳವೆ ಇಳಿಸುತ್ತಾರೆ. ಪಂಪು ನಿಮಿಷಕ್ಕೆ 4–5 ಲೀಟರ್ ರಕ್ತ ಎಳೆದು ಆಕ್ಸಿಜನೇಟರಿಗೆ ತಳ್ಳುತ್ತದೆ. ಅದರೊಳಗೆ ತೀರ ಸಣ್ಣ ಟೊಳ್ಳು ಎಳೆಗಳು. ಎಳೆಯ ಒಳಗೆ ಆಮ್ಲಜನಕ, ಹೊರಗೆ ರಕ್ತ. ಇಂಗಾಲದ ಡೈಆಕ್ಸೈಡನ್ನು ಬಿಟ್ಟು ಆಮ್ಲಜನಕ ತುಂಬಿಕೊಂಡ ರಕ್ತ ದೇಹಕ್ಕೆ ಮರಳುತ್ತದೆ. ಅಭಿಧಮನಿಗೆ ಮರಳಿಸಿದರೆ ಶ್ವಾಸಕೋಶಕ್ಕೆ ಆಸರೆ, ಅಪಧಮನಿಗೆ ಮರಳಿಸಿದರೆ ಹೃದಯಕ್ಕೂ ಆಸರೆ. ರೋಗವನ್ನು ಮಾತ್ರ ಅದು ವಾಸಿಮಾಡದು. ಮುರಿದ ಕೈಗೆ ಹಾಕಿದ ಪ್ಲಾಸ್ಟರ್ ಎಲುಬನ್ನು ಕೂಡಿಸುವುದಿಲ್ಲ, ಕೂಡುವ ತನಕ ಹಿಡಿದಿಡುತ್ತದೆ. ಎಕ್ಮೊ ಮಾಡುವುದೂ ಅಷ್ಟೇ.

ಆದ್ದರಿಂದ ಉಳಿವು ನಿಂತಿರುವುದು ಮೂಲರೋಗ ಯಾವುದು ಎಂಬುದರ ಮೇಲೆ. ಜಗತ್ತಿನ ಎಕ್ಮೊ ಕೇಂದ್ರಗಳು ಕೂಡಿ ಇಟ್ಟುಕೊಂಡಿರುವ ದಾಖಲೆಯ ಪ್ರಕಾರ, ಶ್ವಾಸಕೋಶಕ್ಕಾಗಿ ಎಕ್ಮೊ ಪಡೆದ ನವಜಾತ ಶಿಶುಗಳಲ್ಲಿ ಸುಮಾರು ನಾಲ್ಕರಲ್ಲಿ ಮೂರು ಮನೆಗೆ ಮರಳುತ್ತವೆ. ಶ್ವಾಸಕೋಶ ಕೈಕೊಟ್ಟ ದೊಡ್ಡವರಲ್ಲಿ ಉಳಿಯುವವರು 100ಕ್ಕೆ ಸುಮಾರು 60, ಹೃದಯ ಕೈಕೊಟ್ಟವರಲ್ಲಿ ಅರ್ಧಕ್ಕಿಂತ ಕಡಿಮೆ, ಹೃದಯ ನಿಂತ ಮೇಲೆ ಎದೆ ಒತ್ತುತ್ತಲೇ ಎಕ್ಮೊಗೆ ಹಾಕಿದವರಲ್ಲಿ ಸುಮಾರು 30.

ಈ ಮಟ್ಟ ಸುಲಭವಾಗಿ ಬಂದದ್ದಲ್ಲ. 1979ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯಲ್ಲಿ 90 ರೋಗಿಗಳಿದ್ದರು. ಎಕ್ಮೊ ಪಡೆದವರಲ್ಲೂ ಪಡೆಯದವರಲ್ಲೂ ಹತ್ತಕ್ಕೆ ಒಬ್ಬರೂ ಉಳಿಯಲಿಲ್ಲ. 2018ರ ಇಯೋಲಿಯಾ ಅಧ್ಯಯನದ 249 ಶ್ವಾಸಕೋಶ ರೋಗಿಗಳಲ್ಲಿ 60 ದಿನಗಳೊಳಗೆ ಸತ್ತವರು ಎಕ್ಮೊ ಗುಂಪಿನಲ್ಲಿ ಶೇ. 35, ಇನ್ನೊಂದರಲ್ಲಿ ಶೇ. 46. ಅಂತರ ಕಣ್ಣಿಗೆ ಕಾಣುತ್ತದೆ; ಅದು ಆಕಸ್ಮಿಕವಲ್ಲವೆಂದು ಸಾಧಿಸಲು ಮಾತ್ರ ಲೆಕ್ಕ ಸಾಲಲಿಲ್ಲ. 2023ರಲ್ಲಿ ಜರ್ಮನಿಯ ನೇತೃತ್ವದಲ್ಲಿ ಹೃದಯಾಘಾತದಿಂದ ರಕ್ತದೊತ್ತಡ ಕುಸಿದ 417 ಮಂದಿಯ ಮೇಲೆ ನಡೆದ ಅಧ್ಯಯನ ಇನ್ನೂ ಕಟುವಾಗಿತ್ತು: ಎಕ್ಮೊ ಇದ್ದರೂ ಇಲ್ಲದಿದ್ದರೂ 30 ದಿನಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ತೀರಿಕೊಂಡರು, ಎಕ್ಮೊ ಪಡೆದವರಲ್ಲಿ ರಕ್ತಸ್ರಾವವೂ ಹೆಚ್ಚು. ಕೊಳವೆಯಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಸಾಮಾನ್ಯವಾಗಿ ಹೆಪಾರಿನ್ ಕೊಡುತ್ತಾರೆ. ಅದೇ ಔಷಧಿ ಮಿದುಳಿನಲ್ಲೋ ಹೊಟ್ಟೆಯಲ್ಲೋ ರಕ್ತ ಸೋರಿಸಬಹುದು. ತೊಡೆಯ ಅಪಧಮನಿಗೆ ಕೊಳವೆ ಹಾಕಿದಾಗ ಕಾಲಿಗೆ ರಕ್ತ ಕಡಿಮೆಯಾಗುವುದೂ ಉಂಟು.

ಎಕ್ಮೊ ಕೈಹಿಡಿಯುವುದಕ್ಕೆ ಒಕ್ಕಲುತನದ ಊರುಗಳಿಗೆ ಹತ್ತಿರವಾದ ಉದಾಹರಣೆ ಕಾಳಿನ ಚೀಲಗಳಿಗೆ ಇಡುವ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯ ವಿಷಬಾಧೆ. ಇದಕ್ಕೆ ಪ್ರತಿವಿಷವಿಲ್ಲ, ಹೃದಯದ ಸ್ನಾಯು ಸೋತು ಸಾವು ಬರುತ್ತದೆ. ಆದರೆ ಬದುಕುಳಿದವರಲ್ಲಿ ಆ ಸ್ನಾಯು ಮತ್ತೆ ಚೇತರಿಸಿಕೊಳ್ಳಬಲ್ಲದು. ಪಂಜಾಬಿನ ಲುಧಿಯಾನದ ವೈದ್ಯರು ಇಂಥ ತೀವ್ರ ರೋಗಿಗಳನ್ನು ಎಕ್ಮೊ ಮೇಲೆ ಇಟ್ಟು, ಮಾಮೂಲಿ ಚಿಕಿತ್ಸೆಗಿಂತ ಹೆಚ್ಚು ಜನರನ್ನು ಉಳಿಸಿದ್ದಾರೆ. ರೋಗಕ್ಕೆ ಇಳಿಯುವ ಗುಣವಿದ್ದರೆ ಯಂತ್ರ ಸಾರ್ಥಕ.

ಹಾಗಾಗಿ ಮನೆಯವರು ಡಾಕ್ಟರನ್ನು ಮೂರು ಮಾತು ಕೇಳಬೇಕು. ಈ ರೋಗ ತಾನಾಗಿ ಇಳಿಯುವಂಥದ್ದೇ? ಬೇರೆ ಅಂಗಗಳು ಗಟ್ಟಿಯಾಗಿವೆಯೇ? ವೆಂಟಿಲೇಟರ್ ಮೇಲೆ ಎಷ್ಟು ದಿನ ಕಳೆದಿವೆ? ವಾರ ದಾಟಿದ ಮೇಲೆ ಎಕ್ಮೊ ಫಲ ಕೊಡುವುದು ಕಡಿಮೆ. ಖರ್ಚು ಲಕ್ಷಗಳಲ್ಲಿ ಇರುವುದರಿಂದ, ಫಲದ ಭರವಸೆ ಇಲ್ಲದಿದ್ದಾಗ ‘ಬೇಡ’ ಎನ್ನುವುದು ನಿರ್ದಯೆಯಲ್ಲ. ಭರವಸೆ ಇದ್ದಾಗ ತಾಲೂಕು ಆಸ್ಪತ್ರೆ ಮೊದಲ ದಿನವೇ ದೊಡ್ಡ ಕೇಂದ್ರಕ್ಕೆ ಫೋನು ಮಾಡಬೇಕು. ನಮ್ಮ ಹಳ್ಳಿಗಳಲ್ಲಿ ಎಕ್ಮೊ ಇಲ್ಲ. ಬೇಗ ತಿಳಿಸಿ ಬೇಗ ಸಾಗಿಸುವ ವ್ಯವಸ್ಥೆಯನ್ನಾದರೂ ನಾವು ಕಟ್ಟಿಕೊಳ್ಳಬಹುದು.